ಕುಟುಂಬದ ಗುಂಪಿನಲ್ಲಿ ತೊಟ್ಟಿಲಿನ ಮಾತು

ಬದಿಯಡ್ಕ ದೊಡ್ಡಪ್ಪ: (ಬಂದ ಸಂದೇಶ) “ಹೆಣ್ಣುಮಕ್ಕಳು ಓದಿ ಉದ್ಯೋಗಕ್ಕೆ ಹೊರಟ ಮೇಲೆ ಮನೆಗಳಲ್ಲಿ ತೊಟ್ಟಿಲು ತೂಗುವವರಿಲ್ಲ. ಐವತ್ತು ವರ್ಷದಲ್ಲಿ ನಮ್ಮ ಭಾಷೆ ಆಡುವವರೂ ಇರುವುದಿಲ್ಲ.”
ಎಲ್ಲರೂ ಓದಿ. ನಮ್ಮ ಕನ್ನಡ ಶಾಲೆಯ ಒಂದನೇ ತರಗತಿಗೆ ಈ ವರ್ಷ ಐದೇ ಮಕ್ಕಳು.

ಮಂಜೇಶ್ವರ ಭಾವ: ಬರೆದದ್ದರಲ್ಲಿ ಸುಳ್ಳೇನೂ ಇಲ್ಲ.

ನಾನು: ದೊಡ್ಡಪ್ಪ, ಆ ಶಾಲೆಯಲ್ಲಿ ಕಲಿತವಳು ನಾನೂ. ನಿಮ್ಮ ಸಂಕಟ ನನಗೂ ಇದೆ. ಆದರೆ ಅದನ್ನು ಹೆಣ್ಣುಮಕ್ಕಳ ಓದಿನ ತಲೆಗೆ ಕಟ್ಟಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶಾಲೆಯ ಮೆಟ್ಟಿಲು ಹತ್ತದ ಹೆಂಗಸರಿಗೆ ಸರಾಸರಿ 2.8 ಮಕ್ಕಳು, ಹನ್ನೆರಡು ವರ್ಷವೋ ಹೆಚ್ಚೋ ಓದಿದವರಿಗೆ 1.8.

ಮಂಜೇಶ್ವರ ಭಾವ: ಹಾಗಾದರೆ ದೊಡ್ಡಪ್ಪನ ಮಾತನ್ನೇ ನೀನೂ ಹೇಳಿದಂತಾಯಿತು!

ನಾನು: ಓದಿದರೆ ಮಕ್ಕಳ ಸಂಖ್ಯೆ ಇಳಿಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಅದು ನಷ್ಟ ಎನ್ನುವುದನ್ನು ಮಾತ್ರ ಒಪ್ಪುವುದಿಲ್ಲ, ಭಾವ. ಅದೇ ಸಮೀಕ್ಷೆಯಲ್ಲಿ, ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುವವು ಹೆಂಗಸರ ಓದು ಹಿಂದುಳಿದ ಬಿಹಾರದಲ್ಲಿ 46.8, ಓದು ಮುಂದಿರುವ ಕೇರಳದಲ್ಲಿ 4.4. ಅಜ್ಜಿ ಒಂಬತ್ತು ಹೆತ್ತರು, ಉಳಿದದ್ದು ಆರು. ಹೆತ್ತದ್ದು ಉಳಿಯುತ್ತದೆ ಎಂಬ ಧೈರ್ಯವಿದ್ದಿದ್ದರೆ ಅವರು ಒಂಬತ್ತು ಹೆರುತ್ತಿದ್ದರೇ?

ಮಂಜೇಶ್ವರ ಭಾವ: ಕೇರಳದ ಲೆಕ್ಕ ನಮಗೆ ಹೊಂದುವುದಿಲ್ಲ. ಓದಿನ ಖರ್ಚನ್ನು ರಾಜ್ಯವೇ ಹೊರಬೇಕೆಂದು ತಿರುವಾಂಕೂರಿನ ರಾಣಿ 1817ರಲ್ಲೇ ಆಜ್ಞೆ ಹೊರಡಿಸಿದ್ದರು. ನಾವು ಕಾಸರಗೋಡಿನವರು 1956ರವರೆಗೆ ದಕ್ಷಿಣ ಕನ್ನಡದಲ್ಲಿದ್ದವರು.

ಮುಳ್ಳೇರಿಯ ಅತ್ತೆ: ಅದು ನಿಜ. ಈ ಮನೆಗೆ ಓದನ್ನು ತಂದುಕೊಟ್ಟದ್ದು ರಾಣಿಯಲ್ಲ, ಅತ್ತಿಗೆ. ಏಳನೇ ತರಗತಿಗೆ ಬಿಟ್ಟ ಓದು ಅವರದು. ರಾತ್ರಿ ಊಟವಾದ ಮೇಲೆ ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಲು ಕೂರುತ್ತಿದ್ದರು. ನೆನೆಸಿದ ಎಲೆಯನ್ನು ಅಚ್ಚಿನ ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ಉದುರಿಸಿ, ಸುರುಳಿ ಮಾಡಿ, ನೂಲು ಸುತ್ತಿ, ಬಾಯಿಯನ್ನು ಉಗುರಿನಿಂದ ಒಳಕ್ಕೆ ಮಡಚುತ್ತಿದ್ದರು. ಆ ಉಗುರಿನ ಕಂದು ಬಣ್ಣ ಯಾವ ಸೋಪಿಗೂ ಹೋಗಲಿಲ್ಲ. ಬೀಡಿ ಕಟ್ಟಿದ ದುಡ್ಡು ಅವರ ಕೈಗೇ ಬರುತ್ತಿತ್ತು. ಅದಕ್ಕೇ ಎರಡನೆಯ ಹೆರಿಗೆಯ ನಂತರ ಸಾಕು ಎಂದು ಹೇಳುವ ಬಲ ಬಂತು. ಒಂಬತ್ತು ಹೆತ್ತ ನಮ್ಮ ಅಮ್ಮನಿಗೆ ಆ ಬಲವಿರಲಿಲ್ಲ. ಗಂಡ ಒಪ್ಪಲಿ ಬಿಡಲಿ, ಅತ್ತಿಗೆ ಆಸ್ಪತ್ರೆಗೆ ಹೋಗಿ ಬಂದರು. ಇಬ್ಬರು ಮಕ್ಕಳನ್ನೂ ಕಾಲೇಜು ಹತ್ತಿಸಿದರು.

ಬದಿಯಡ್ಕ ದೊಡ್ಡಪ್ಪ: ನಿನ್ನ ಅತ್ತಿಗೆಯ ದುಡಿಮೆಯ ಬಗ್ಗೆ ನಾನೆಂದೂ ಹಗುರವಾಗಿ ಆಡಿಲ್ಲ. ಆದರೆ ಈಗಿನವರು ಒಂದೇ ಮಗು ಸಾಕು ಎನ್ನುತ್ತಾರೆ. ವಯಸ್ಸಾದವರನ್ನು ನೋಡುವವರು ಯಾರು?

ನಾನು: ನನಗೂ ಒಂದೇ ಮಗು, ದೊಡ್ಡಪ್ಪ. ಇನ್ನೊಂದು ಬೇಕೆಂದು ಆಸೆಯಿತ್ತು. ಬೆಳಗ್ಗಿನ ರೈಲಿಗೆ ಮಂಗಳೂರಿಗೆ ಹೊರಟರೆ ಮರಳುವಾಗ ರಾತ್ರಿಯಾಗುತ್ತದೆ. ಕೂಸನ್ನು ಬಿಟ್ಟುಹೋಗಲು ಕೆಲಸದ ಜಾಗದಲ್ಲಿ ಒಂದು ಕೋಣೆಯೂ ಇರಲಿಲ್ಲ. ಊರಿನಲ್ಲೇ ಓದಿಗೆ ತಕ್ಕ ಕೆಲಸ ಸಿಕ್ಕಿದ್ದರೆ ಆ ತೊಟ್ಟಿಲು ಖಾಲಿ ಬೀಳುತ್ತಿರಲಿಲ್ಲ. ಬಿ.ಎಡ್. ಮುಗಿಸಿ ಮನೆಯಲ್ಲಿ ಕುಳಿತವರು ನಮ್ಮ ಕೇರಿಯಲ್ಲೇ ಮೂವರಿದ್ದಾರೆ. ಅವರಿಗೂ ಒಂದೊಂದೇ ಮಗು. ಉದ್ಯೋಗದಿಂದ ಮಕ್ಕಳಿಲ್ಲವಾದರೆ ಅವರ ಮನೆ ತುಂಬಿರಬೇಕಿತ್ತು.
ಇನ್ನು ಶಾಲೆಯ ಮಾತು. ನಾಳೆ ಎಂಟು ಗಂಟೆಗೆ ನಿಮ್ಮ ಜಗಲಿಯಿಂದ ಇಂಗ್ಲಿಷ್ ಮಾಧ್ಯಮದ ಬಸ್ಸುಗಳನ್ನು ನೋಡಿ. ಮಕ್ಕಳು ಹುಟ್ಟಿದ್ದಾರೆ, ನಮ್ಮ ಶಾಲೆಗೆ ಬಂದಿಲ್ಲ.

ಮುಳ್ಳೇರಿಯ ಅತ್ತೆ: ಅಣ್ಣನ ಮೊಮ್ಮಗನೂ ಅದೇ ಬಸ್ಸಿನಲ್ಲಿ.

ಬದಿಯಡ್ಕ ದೊಡ್ಡಪ್ಪ: ಹೌದು, ಅವನನ್ನು ಹತ್ತಿಸುವವನು ನಾನೇ.
ತೀರಿಕೊಂಡ ಮೂವರಲ್ಲಿ ಒಂದನ್ನು ಗುಡ್ಡೆಗೆ ಒಯ್ದಾಗ ಹಾರೆ ಹಿಡಿದು ಅಪ್ಪನ ಹಿಂದೆ ನಡೆದವನೂ ನಾನೇ. ಆಗ ನನಗೆ ಹನ್ನೊಂದು ವರ್ಷ. ಅಮ್ಮ ಬಾವಿಕಟ್ಟೆಯ ಹತ್ತಿರ ನಿಂತಿದ್ದಳು, ಹಾಲು ಸೋರಿ ಸೀರೆ ಒದ್ದೆಯಾಗಿತ್ತು.
ಆ ಸಂದೇಶ ತೆಗೆಯುತ್ತೇನೆ. ಭಾನುವಾರ ಶಾಲೆಯ ವಿಷಯ ಮಾತನಾಡೋಣ, ಮಗನನ್ನೂ ಸೊಸೆಯನ್ನೂ ಕರೆಯುತ್ತೇನೆ.