‘ಜರ್ಮ್ ಸೆಲ್ ಟ್ಯೂಮರ್’: ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,
ವೃಷಣ ಕ್ಯಾನ್ಸರ್ ಕುರಿತು ರೋಗಿಗಳಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಕರಡು ನಾಳೆಯೇ ಅಚ್ಚಿಗೆ ಹೋಗಬೇಕು. ಈ ಕ್ಯಾನ್ಸರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ‘ಜರ್ಮ್ ಸೆಲ್’ಗಳಿಂದ, ಅಂದರೆ ವೀರ್ಯಾಣುಗಳಿಗೆ ಮೂಲವಾದ ಕೋಶಗಳಿಂದ, ಹುಟ್ಟುತ್ತವೆ. ಅವುಗಳಲ್ಲಿ ಸೆಮಿನೋಮಾ, ನಾನ್‌ಸೆಮಿನೋಮಾ ಎಂದು ಎರಡು ಬಗೆ. ‘ಬೀಜಕೋಶದ ಗಡ್ಡೆ’ ಎಂದು ಬರೆದಿದ್ದೆ. ಆಡುಮಾತಿನಲ್ಲಿ ಬೀಜವೆಂದರೆ ವೃಷಣವೇ ಆದ್ದರಿಂದ ಓದಿದವರು ಅದನ್ನು ಅಂಗದ ಹೆಸರೆಂದೇ ತಿಳಿದರು. ಏನು ಬರೆಯಲಿ?

ಉತ್ತರ:
‘ಬೀಜಕೋಶ’ ಬೇಡವೇ ಬೇಡ. ಜರ್ಮ್ ಎಂಬುದರ ಮೂಲ ಲ್ಯಾಟಿನ್ನಿನ ‘ಗೆರ್ಮೆನ್’, ಅಂದರೆ ಮೊಳಕೆ. ಸೆಮಿನೋಮಾದೊಳಗಿನ ‘ಸೆಮೆನ್’ ಬೀಜ. ಎರಡಕ್ಕೂ ಒಂದೇ ಪದವನ್ನು ಹಚ್ಚುವುದು ಸೋಮಾರಿತನ. ಜರ್ಮ್ ಸೆಲ್ ಟ್ಯೂಮರ್ ‘ಮೊಳಕೆಗೂಡಿನ ಗಂತಿ’, ಸೆಮಿನೋಮಾ ‘ಬಿತ್ತುಗಂತಿ’, ನಾನ್‌ಸೆಮಿನೋಮಾ ‘ಬಿತ್ತಲ್ಲದ ಗಂತಿ’. ವೃಷಣಕ್ಕೆ ‘ತರಡು’ ಎಂಬ ಅಚ್ಚಗನ್ನಡ ಪದವಿರುವಾಗ ಸಂಸ್ಕೃತದ ಮುಂದೆ ಕೈಯೊಡ್ಡುವುದೇಕೆ?

ಉತ್ತರ:
ಬೇರು ಹಿಡಿದು ಹೊರಟವರಿಗೆ ರೋಗ ಕಾಣುವುದಿಲ್ಲ. ಎಂಬ್ರಿಯೋನಲ್ ಕಾರ್ಸಿನೋಮಾ, ಯೋಕ್ ಸ್ಯಾಕ್ ಟ್ಯೂಮರ್, ಕೋರಿಯೋಕಾರ್ಸಿನೋಮಾ, ಟೆರಟೋಮಾ ಇವೆಲ್ಲವೂ ನಾನ್‌ಸೆಮಿನೋಮಾಗಳೇ. ಇವುಗಳ ಜೊತೆ ಸೆಮಿನೋಮಾ ಬೆರೆತಿದ್ದರೂ ಇಡೀ ಗಡ್ಡೆಯನ್ನು ಈ ಗುಂಪಿಗೇ ಸೇರಿಸುವುದರಿಂದ, ಒಳಗೆ ‘ಬಿತ್ತು’ ಇರುವುದೂ ‘ಬಿತ್ತಲ್ಲದ್ದು’ ಆಗಿಬಿಡುತ್ತದೆ. ಶುದ್ಧ ಸೆಮಿನೋಮಾ ಎಎಫ್‌ಪಿಯನ್ನು (ರಕ್ತಪರೀಕ್ಷೆಯಲ್ಲಿ ಅಳೆಯುವ ಆಲ್ಫಾ-ಫೀಟೋಪ್ರೋಟೀನ್ ಎಂಬ ಪ್ರೋಟೀನನ್ನು) ಉತ್ಪಾದಿಸುವುದಿಲ್ಲ; ಆದ್ದರಿಂದ ಸೂಕ್ಷ್ಮದರ್ಶಕದಡಿ ಸೆಮಿನೋಮಾವಷ್ಟೇ ಕಂಡರೂ, ಆ ಗಡ್ಡೆಯಿಂದಾಗಿ ರಕ್ತದಲ್ಲಿ ಎಎಫ್‌ಪಿ ಏರಿದ್ದರೆ ಚಿಕಿತ್ಸೆ ನಾನ್‌ಸೆಮಿನೋಮಾಕ್ಕೆ ಕೊಡುವಂಥದೇ. ‘ಸ್ಪರ್ಮಟೋಸಿಟಿಕ್ ಸೆಮಿನೋಮಾ’ ಎಂಬುದು ನಿಜವಾದ ಸೆಮಿನೋಮಾವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ 2016ರ ವರ್ಗೀಕರಣ ಅದರ ಹೆಸರನ್ನೇ ಬದಲಿಸಿತು. ನಿಮ್ಮ ‘ಬಿತ್ತುಗಂತಿ’ಯನ್ನು ಯಾರು ತಿದ್ದುತ್ತಾರೆ?
ಅನುವಾದಕರು ‘ಜನನಕೋಶದ ಗಡ್ಡೆ’ ಎಂದು ಬರೆದು, ಉಪವಿಧಗಳ ಹೆಸರುಗಳನ್ನು ರೋಗಿಯ ಕೈಯಲ್ಲಿರುವ ವರದಿಯಲ್ಲಿದ್ದಂತೆಯೇ ಉಳಿಸಿಕೊಳ್ಳಲಿ. ಲಕ್ಷಣಗಳಲ್ಲಿ ಮಾತ್ರ ‘ವೇದನಾರಹಿತ ಗ್ರಂಥಿ’ ಬೇಡ, ‘ನೋವಿಲ್ಲದ ಗಂಟು’ ಸಾಕು. ನೋವಿಲ್ಲವೆಂದೇ ಜನ ತಡಮಾಡುತ್ತಾರೆ.

ಉತ್ತರ:
‘ಗಂಟು’ ಒಪ್ಪಿದೆ. ‘ಜನನಕೋಶ’ ಅಂಡಾಣುವಿಗೂ ಹೊಂದುತ್ತದೆಯಲ್ಲ?

ಉತ್ತರ:
ಹೊಂದಬೇಕಾದದ್ದೇ. ಅಂಡಾಶಯದಲ್ಲೂ ಇದೇ ಗಡ್ಡೆಗಳು ಬರುತ್ತವೆ. ಅಲ್ಲಿ ಸೆಮಿನೋಮಾವನ್ನು ಹೋಲುವುದರ ಹೆಸರು ಡಿಸ್‌ಜರ್ಮಿನೋಮಾ. ಅದಕ್ಕೂ ಒಂದು ಗಂತಿ ಕಟ್ಟಿಕೊಡಿ.