ಅಡುಗೆ ಕಲಿಯೋಕೆ ಎಂ.ಎಸ್‌ಸಿ. ಬೇಕಾ?

ಕಳೆದ ವಾರದ ಸಮಸ್ಯೆ: ನಾನು ದಾವಣಗೆರೆ ಕಡೆಯವಳು, ವಯಸ್ಸು 22. ಬಿ.ಎಸ್‌ಸಿ. ಮುಗಿದಿದೆ. ಮೈಸೂರಿನಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆ ವಿಷಯದಲ್ಲಿ ಎಂ.ಎಸ್‌ಸಿ. ಮಾಡುವ ಆಸೆ. ‘ಅಡುಗೆ ಕಲಿಯೋಕೆ ಎರಡು ವರ್ಷ ಮೈಸೂರಿಗೆ ಹೋಗ್ಬೇಕಾ? ಸುಮ್ನೆ ಬಿ.ಎಡ್. ಮಾಡು’ ಅಂತ ಅಪ್ಪನ ಹಠ. ಕೆಲಸ ಸಿಗುತ್ತಾ ಅನ್ನುವ ಭಯ ನನಗೂ ಇದೆ. ಏನು ಮಾಡಲಿ?

ಬಸ್ಸಾರಿನ ಪಾಠ

ತಂಗಿ, ನಿಮ್ಮ ಅಪ್ಪ ಹೇಳಿದ ಮಾತನ್ನೇ ಹದಿನಾಲ್ಕು ವರ್ಷದ ಹಿಂದೆ ನಮ್ಮ ದೊಡ್ಡಪ್ಪ ಹೇಳಿದ್ದರು. ಈಗ ಅವರ ಶುಗರ್ ರಿಪೋರ್ಟ್ ಮೊದಲು ಬರುವುದು ನನ್ನ ವಾಟ್ಸ್‌ಆ್ಯಪ್‌ಗೆ. ಆ ವಿಷಯ ಬಿಡಿ.

ನಾನು ಆಸ್ಪತ್ರೆಯಲ್ಲಿ ಡಯಟೀಷಿಯನ್. ನಾಲ್ಕು ಸೆಮಿಸ್ಟರ್‌ನಲ್ಲಿ ಒಲೆ ಮುಂದೆ ನಿಂತಿದ್ದಕ್ಕಿಂತ ಬಯೋಕೆಮಿಸ್ಟ್ರಿ ಪುಸ್ತಕದ ಮುಂದೆ ಕೂತಿದ್ದೇ ಜಾಸ್ತಿ. ಆದರೆ ಅಡುಗೆ ಗೊತ್ತಿಲ್ಲದಿದ್ದರೆ ಆ ಪುಸ್ತಕವೂ ಕೆಲಸಕ್ಕೆ ಬರಲ್ಲ. ಕಿಡ್ನಿ ತೊಂದರೆ ಇರುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಅದಕ್ಕೇ ಪೊಟ್ಯಾಸಿಯಂ ಜಾಸ್ತಿ ಇರುವ ಎಳನೀರು ಬೇಡ, ಸೊಪ್ಪು ತರಕಾರಿಯನ್ನು ಜಾಸ್ತಿ ನೀರಿನಲ್ಲಿ ಬೇಯಿಸಿ ಬಸಿಯಿರಿ, ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ ಅನ್ನುತ್ತೇವೆ. ಒಬ್ಬ ಯಜಮಾನರಿಗೆ ಹಾಗೇ ಹೇಳಿ ಕಳಿಸಿದೆ. ಮುಂದಿನ ಸಲ ಬಂದಾಗ ಪೊಟ್ಯಾಸಿಯಂ ಇಳಿದಿರಲೇ ಇಲ್ಲ. ಕೇಳಿದರೆ ಅವರ ಹೆಂಡತಿ, ‘ನೀವು ಹೇಳ್ದಂಗೆ ಬಸ್ದೆ ಮೇಡಂ, ಆ ನೀರಲ್ಲೇ ಬಸ್ಸಾರು ಮಾಡ್ದೆ’ ಅಂದರು. ನಮ್ಮ ಕಡೆ ಬಸಿದ ನೀರನ್ನು ಚೆಲ್ಲುವವರು ಯಾರು ಹೇಳಿ! ಚೆಲ್ಲಿಬಿಡಿ ಅಂತ ನಾನು ಬಾಯಿಬಿಟ್ಟು ಹೇಳಬೇಕಿತ್ತು.

ನೀವು ಆಸ್ಪತ್ರೆ ಕಡೆ ಬರುವುದಾದರೆ ಡಿಗ್ರಿ ಒಂದೇ ಸಾಲದು. ಆಮೇಲೆ ಆಸ್ಪತ್ರೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಮಾಡಿ, ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ನಿನ ಆರ್.ಡಿ. (ರಿಜಿಸ್ಟರ್ಡ್ ಡಯಟೀಷಿಯನ್) ಪರೀಕ್ಷೆ ಬರೆಯಿರಿ. ನನಗೆ ಇಂಟರ್ನ್‌ಶಿಪ್‌ನಲ್ಲಿ ಒಂದು ರೂಪಾಯಿ ಕೊಡಲಿಲ್ಲ, ಮೊದಲ ಸಂಬಳ 12 ಸಾವಿರ. ಹಾಗಾಗಿ ಎರಡು ವರ್ಷ ಅಲ್ಲ, ಎರಡೂವರೆ ವರ್ಷ ಅಂತ ಅಪ್ಪನಿಗೆ ಈಗಲೇ ಹೇಳಿಬಿಡಿ. ನಾನು ಹೇಳದೆ ಬೈಸಿಕೊಂಡೆ.
– ಡಯಟೀಷಿಯನ್, ಮಂಡ್ಯ

ನಾನು ಅಪ್ಪನ ಪಾರ್ಟಿ

ನನ್ನ ಮಗಳೂ ಇದೇ ಕೋರ್ಸಿಗೆ ಹಠ ಮಾಡಿದಾಗ ನಾನೂ ಬೇಡ ಅಂದಿದ್ದೆನಮ್ಮ. ಬಾಯಲ್ಲಿ ಹೇಳಿದ್ದು ಅಡುಗೆ ಅಂತ, ಮನಸ್ಸಿನಲ್ಲಿ ಇದ್ದದ್ದು ಹಾಸ್ಟೆಲ್ ಖರ್ಚು. ನಿಮ್ಮ ಅಪ್ಪನದೂ ಅದೇ ಇರಬಹುದು, ಕೇಳಿ ನೋಡಿ. ಆಗುವುದಾದರೆ ಅವರನ್ನೂ ಒಂದು ದಿನ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿಗೆ ಕರೆದುಕೊಂಡು ಹೋಗಿ. ಮಗಳ ಲ್ಯಾಬ್ ನೋಡಿದ ಮೇಲೇ ನಾನು ಬಾಯಿ ಮುಚ್ಚಿದ್ದು. ಬೇಳೆ ಹಿಟ್ಟನ್ನು ಆ್ಯಸಿಡ್‌ನಲ್ಲಿ ಕುದಿಸುತ್ತಿದ್ದರು! ಅದರಲ್ಲಿರುವ ನೈಟ್ರೋಜನ್ ಅಳೆದು 6.25ರಿಂದ ಗುಣಿಸಿದರೆ ಪ್ರೋಟೀನ್ ಲೆಕ್ಕ ಬರುತ್ತದಂತೆ. ಇದು ಅಡುಗೆಮನೆ ಅಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ.
– ನಿವೃತ್ತ ನೌಕರ, ಶಿವಮೊಗ್ಗ

ಡಿಗ್ರಿ ಹೆಸರು ನೋಡಿ

ಈ ಕೋರ್ಸ್ ಅಂದರೆ ಎಲ್ಲರೂ ಡಯಟ್ ಚಾರ್ಟ್ ಅಂದುಕೊಳ್ಳುತ್ತಾರೆ. ನಾನು ಇದನ್ನೇ ಓದಿ ಫುಡ್ ಟೆಸ್ಟಿಂಗ್ ಲ್ಯಾಬ್‌ನಲ್ಲಿದ್ದೇನೆ, ಒಬ್ಬ ರೋಗಿಯನ್ನೂ ನೋಡಿಲ್ಲ. ನಿಮಗೆ ಯಾವುದು ಬೇಕು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ, ಆಸ್ಪತ್ರೆಯಾ, ಲ್ಯಾಬಾ, ಅಂಗನವಾಡಿ ತರಹದ ಸಮುದಾಯದ ಕೆಲಸವಾ ಅಂತ, ಯಾಕೆಂದರೆ ಕೊನೆಯ ವರ್ಷದ ಪ್ರಾಜೆಕ್ಟ್ ನಿಮ್ಮನ್ನು ಆ ಕಡೆಗೇ ಎಳೆದುಕೊಂಡು ಹೋಗುತ್ತದೆ. ಮೈಸೂರಿನಲ್ಲಿ 1950ರಿಂದ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಇದೆ, ಸೈನಿಕರ ಊಟದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ರಕ್ಷಣಾ ಇಲಾಖೆಯ ಲ್ಯಾಬ್ ಡಿ.ಎಫ್.ಆರ್.ಎಲ್. (ಈಗ ಅದರ ಹೆಸರು ಡಿ.ಐ.ಬಿ.ಟಿ.) ಇದೆ. ಪ್ರಾಜೆಕ್ಟ್‌ಗೆ ಅಲ್ಲಿ ಜಾಗ ಸಿಗುತ್ತಾ ಅಂತ ಸೀನಿಯರ್‌ಗಳನ್ನು ವಿಚಾರಿಸಿ.

ಇನ್ನೊಂದು. ಫುಡ್ ಟೆಕ್ನಾಲಜಿ ಬೇರೆ, ಫುಡ್ ಸೈನ್ಸ್ ಅಂಡ್ ನ್ಯೂಟ್ರಿಷನ್ ಬೇರೆ. ಸರ್ಕಾರಿ ಕೆಲಸದ ನೋಟಿಫಿಕೇಶನ್‌ನಲ್ಲಿ ಒಂದರ ಹೆಸರಿದ್ದು ಇನ್ನೊಂದರದ್ದು ಇಲ್ಲದಿದ್ದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಹಳೇ ನೋಟಿಫಿಕೇಶನ್‌ಗಳನ್ನು ತೆಗೆದು ಓದಿ. ನಾನು ಓದಿರಲಿಲ್ಲ.
– ಓದುಗಿ, ಬೆಂಗಳೂರು

ಪಾಠ ಮಾಡುವ ಆಸೆ ಇದ್ದರೆ

ಟೀಚರ್ ಆಗಲಿ ಅನ್ನುವುದೇ ಅಪ್ಪನ ಆಸೆಯಾದರೆ ಎಂ.ಎಸ್‌ಸಿ. ಮಾಡಿ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಬರೆಯಬಹುದು, ಕಾಲೇಜಿನಲ್ಲಿ ಪಾಠ ಮಾಡಬಹುದು. ಪರೀಕ್ಷೆ ಮಾತ್ರ ಗೃಹ ವಿಜ್ಞಾನದ್ದು. ಆಹಾರದ ಜೊತೆಗೆ ಬಟ್ಟೆ, ಮಕ್ಕಳ ಬೆಳವಣಿಗೆ, ವಿಸ್ತರಣೆ (ಜನರಿಗೆ ತಿಳಿವಳಿಕೆ ಮುಟ್ಟಿಸುವ ಕೆಲಸ) ಎಲ್ಲ ಬರುತ್ತದೆ. ಮೊದಲ ಸಲ ನನ್ನನ್ನು ಕೆಡವಿದ್ದು ನೂಲು ನೇಯ್ಗೆಯ ಪ್ರಶ್ನೆಗಳೇ! ಕಾಯಂ ಹುದ್ದೆ ತುಂಬಾ ಕಮ್ಮಿ, ನಾನು ಏಳು ವರ್ಷದಿಂದ ಅತಿಥಿ ಉಪನ್ಯಾಸಕಿ. ಇದನ್ನು ಮುಚ್ಚಿಟ್ಟು ಹೋಗಿ ಅನ್ನಲಾರೆ.

ಅಂದಹಾಗೆ ಬಿ.ಎಸ್‌ಸಿ.ಯಲ್ಲಿ ಯಾವ ವಿಷಯ ಓದಿದ್ದೀರಿ ಅಂತ ಪತ್ರದಲ್ಲಿ ಬರೆದೇ ಇಲ್ಲ. ಅರ್ಹತೆಯ ಪಟ್ಟಿಯಲ್ಲಿ ಅದು ಇದೆಯಾ ಅಂತ ಮೊದಲು ನೋಡಿಕೊಳ್ಳಿ, ಅಪ್ಪನ ಜೊತೆ ಜಗಳ ಆಮೇಲೆ.
– ಅತಿಥಿ ಉಪನ್ಯಾಸಕಿ, ಧಾರವಾಡ