ತಮ್ಮನಿಗೆ ಏಳು ಲಕ್ಷದ ವಾಚು ಬೇಕಂತೆ. ಕೊಂಡವರು ಇದ್ದರೆ ಹೇಳಿ

ಗಂಗಾವತಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಅಕ್ಕಿ ಮಿಲ್ಲು, ಅಕ್ಕಿ ವ್ಯಾಪಾರ. ಅಪ್ಪ ಶುರು ಮಾಡಿದ್ದು, ಈಗ ತಮ್ಮ ನೋಡಿಕೊಳ್ಳುತ್ತಾನೆ. ಚೆನ್ನಾಗಿ ದುಡಿಯುತ್ತಾನೆ, ಚಟ ಇಲ್ಲ, ಸಾಲವೂ ಇಲ್ಲ. ಈಗ ಒಮೆಗಾ ಸ್ಪೀಡ್‌ಮಾಸ್ಟರ್ ಅನ್ನುವ ವಾಚು ಬೇಕೇ ಬೇಕು ಅಂತ ಹಟ ಹಿಡಿದಿದ್ದಾನೆ. ಏಳು ಲಕ್ಷ ಆಗುತ್ತಂತೆ. "ಟೈಮ್ ನೋಡೋಕೆ ಮೊಬೈಲ್ ಇಲ್ವಾ? ಅದೇ ದುಡ್ಡಿಗೆ ಬಂಗಾರ ತಗೋ" ಅನ್ನುತ್ತಾರೆ ಅಪ್ಪ. ಇಬ್ಬರೂ ಮಾತು ಬಿಟ್ಟಿದ್ದಾರೆ. ಒಬ್ಬರ ಊಟದ ಹೊತ್ತಿಗೆ ಇನ್ನೊಬ್ಬರು ಮನೆಗೆ ಬರುವುದಿಲ್ಲ.

ನನಗೆ ವಾಚಿನ ಬಗ್ಗೆ ಏನೂ ಗೊತ್ತಿಲ್ಲ. ಇಷ್ಟು ದುಬಾರಿ ವಾಚನ್ನು ಜನ ಯಾಕೆ ಕೊಳ್ಳುತ್ತಾರೆ? ಕೊಂಡವರು, ಬೇಡ ಅಂತ ಬಿಟ್ಟವರು ನಿಮ್ಮ ಅನುಭವ ಹೇಳಿ. ದಯವಿಟ್ಟು ಇಬ್ಬರಲ್ಲಿ ಯಾರನ್ನೂ ಬೈಯಬೇಡಿ.

ರಾಯಚೂರು, ಹತ್ತಿ ವ್ಯಾಪಾರ

ಅಕ್ಕಾ, ನಾನು ರೋಲೆಕ್ಸ್ ಹಾಕುತ್ತೇನೆ. ಯಾಕೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಎದುರಿಗೆ ಕೂತವರು ನೋಡಲಿ ಅಂತಲೇ ಹಾಕುತ್ತೇನೆ.

ನಮ್ಮ ವ್ಯಾಪಾರ ನಡೆಯುವುದೇ ಮಾತಿನ ಮೇಲೆ. ಹೊರಗಿನ ಮಿಲ್‌ನವರು ಬರುತ್ತಾರೆ, ಒಂದು ಚಹಾ ಕುಡಿಯುವಷ್ಟರಲ್ಲಿ ಲೋಡುಗಟ್ಟಲೆ ಮಾಲಿನ ಮಾತು ಮುಗಿಯುತ್ತದೆ. ನನ್ನ ಬ್ಯಾಂಕ್ ಖಾತೆ ಅವರಿಗೆ ಕಾಣುವುದಿಲ್ಲ, ನನ್ನ ಗೋದಾಮನ್ನೂ ಅವರು ನೋಡಿರುವುದಿಲ್ಲ. ಕಾಣುವುದು ಅಂಗಡಿ, ನಾನು, ನನ್ನ ಕೈ. ಈ ಮನುಷ್ಯ ಗಟ್ಟಿ ಇದ್ದಾನೆ, ಉದ್ರಿ ಕೊಟ್ಟರೆ ಮುಳುಗಿಸುವುದಿಲ್ಲ ಅಂತ ಅವರಿಗೆ ಅನ್ನಿಸಬೇಕು. ಹಿಂದೆ ನಮ್ಮ ದೊಡ್ಡಪ್ಪಂದಿರು ಬೆರಳಿಗೆ ಉಂಗುರ ಹಾಕುತ್ತಿದ್ದದ್ದೂ ಇದಕ್ಕೇ ಅಲ್ವಾ?

ಆದರೆ ಒಂದು ಮಾತು. ರೈತರು ಮಾಲಿನ ಪಟ್ಟಿ ಮಾಡಿಸಿ ದುಡ್ಡು ಒಯ್ಯಲು ಬಂದಾಗ ನಾನು ವಾಚು ಬಿಚ್ಚಿ ಗಲ್ಲಾಪೆಟ್ಟಿಗೆಯಲ್ಲಿ ಇಡುತ್ತೇನೆ. ಹತ್ತಿ ರೇಟು ಬಿದ್ದ ವರ್ಷ ಅವರ ಮುಂದೆ ಈ ವಾಚು ಹಾಕಿಕೊಂಡು ದುಡ್ಡು ಎಣಿಸಲು ನನಗೆ ಮನಸ್ಸು ಬರುವುದಿಲ್ಲ. ನಿಮ್ಮ ತಮ್ಮನೂ ಭತ್ತ ಕೊಡುವ ರೈತರ ಜೊತೆಗೇ ವ್ಯವಹಾರ ಮಾಡುವವನು. ಇದನ್ನು ಅವನಿಗೆ ಹೇಳಿ.

ಬಳ್ಳಾರಿ, ವಾಚ್ ರಿಪೇರಿ

ತಂಗಿ, ರಾಯಚೂರಿನ ಸಾಹುಕಾರರು ಹೇಳಿದ್ದು ನಿಜ. ಆದರೆ ಅದೊಂದೇ ಕಾರಣ ಆಗಿದ್ದರೆ ನಿಮ್ಮ ತಮ್ಮ ಸ್ಪೀಡ್‌ಮಾಸ್ಟರ್ ಕೇಳುತ್ತಿರಲಿಲ್ಲ. ನಮ್ಮ ಕಡೆ ನೂರು ಜನರಿಗೆ ತೋರಿಸಿದರೆ ತೊಂಬತ್ತು ಜನಕ್ಕೆ ಅದು ಏನು ಅಂತ ಗೊತ್ತಾಗುವುದಿಲ್ಲ. ಹೊಳೆಯುವುದಿಲ್ಲ, ಬಂಗಾರದ ಬಣ್ಣ ಇಲ್ಲ. ಕಪ್ಪು ಡಯಲ್, ಬಿಳಿ ಮುಳ್ಳು, ಒಳಗೆ ಮೂರು ಸಣ್ಣ ವೃತ್ತ. ಅದನ್ನೇ ಕೇಳುತ್ತಿದ್ದಾನೆ ಅಂದರೆ ಅವನಿಗೆ ಒಳಗಿನ ಮಷೀನಿನ ಹುಚ್ಚು ಹಿಡಿದಿರಬೇಕು.

ನಿಮ್ಮ ತಂದೆಯವರ ಮಾತಿನಲ್ಲಿ ತಪ್ಪಿಲ್ಲ. ಟೈಮಿಗಾಗಿ ಯಾರೂ ಇದನ್ನು ಕೊಳ್ಳಬೇಕಾಗಿಲ್ಲ. 1969ರ ಡಿಸೆಂಬರ್ 25ಕ್ಕೆ ಜಪಾನಿನ ಸೈಕೋ ಕಂಪನಿ ಆಸ್ಟ್ರಾನ್ ಅನ್ನುವ ವಾಚು ಮಾರಾಟಕ್ಕೆ ತಂತು. ಪ್ರಪಂಚದ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಅದು. ನಾವು ಸೆಲ್ ವಾಚು ಅನ್ನುತ್ತೇವಲ್ಲ, ಅದು. ಈಗಿನ ಸೆಲ್ ವಾಚುಗಳಲ್ಲಿ ಚೂರು ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದನ್ನು ಎಣಿಸಿ ಮುಳ್ಳು ಓಡಿಸುತ್ತಾರೆ. ತಿಂಗಳಿಗೆ ಹತ್ತು ಹದಿನೈದು ಸೆಕೆಂಡ್ ಹೆಚ್ಚು ಕಡಿಮೆ ಆದರೆ ಜಾಸ್ತಿ. ಸ್ವಿಸ್ ಕಂಪನಿಯ ಕೀ ಕೊಡುವ ವಾಚು, ಅದೂ ಪರೀಕ್ಷೆ ಪಾಸಾಗಿ ಕ್ರೋನೋಮೀಟರ್ ಸರ್ಟಿಫಿಕೇಟ್ ಪಡೆದದ್ದು, ದಿನಕ್ಕೆ ನಾಲ್ಕು ಸೆಕೆಂಡ್ ಹಿಂದೆ ಅಥವಾ ಆರು ಸೆಕೆಂಡ್ ಮುಂದೆ ಹೋದರೂ ಸರಿ ಅಂತಲೇ ಲೆಕ್ಕ. ಸೆಲ್ ವಾಚು ಬಂದ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಎಷ್ಟೋ ವಾಚ್ ಕಾರ್ಖಾನೆ ಮುಚ್ಚಿ ಹೋದವು. ಉಳಿದವರು ಉಳಿದದ್ದು ಇದು ಬರೀ ಟೈಮ್ ನೋಡುವ ಸಾಮಾನಲ್ಲ, ಕೈಕೆಲಸ ಅಂತ ಜನರಿಗೆ ಮನದಟ್ಟು ಮಾಡಿ.

ಅದು ಬರೀ ಜಾಹೀರಾತಿನ ಮಾತು ಅಂತ ನಾನು ಒಪ್ಪುವುದಿಲ್ಲ. ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಇಟ್ಟು ಒಮ್ಮೆ ನೋಡಬೇಕು. ಸುರುಳಿ ಸುತ್ತಿದ ಒಂದು ಸ್ಪ್ರಿಂಗ್‌ನಲ್ಲಿ ಶಕ್ತಿ ಇರುತ್ತದೆ. ಅದು ಒಂದೇ ಏಟಿಗೆ ಬಿಚ್ಚಿಕೊಳ್ಳದಂತೆ ಒಂದು ಪುಟ್ಟ ಕೊಂಡಿ ಹಲ್ಲು ಹಲ್ಲಾಗಿ ಬಿಡುತ್ತಾ ಹೋಗುತ್ತದೆ. ಪಕ್ಕದಲ್ಲಿ ಬ್ಯಾಲೆನ್ಸ್ ಚಕ್ರ ಆಚೆ ಈಚೆ ತಿರುಗುತ್ತಾ ಇರುತ್ತದೆ, ಅದರ ನಡುವೆ ಕೂದಲಿನಷ್ಟು ತೆಳುವಾದ ಇನ್ನೊಂದು ಸ್ಪ್ರಿಂಗ್. ಸ್ಪೀಡ್‌ಮಾಸ್ಟರಿನ ಈಗಿನ ಮಷೀನು ಗಂಟೆಗೆ 21,600 ಸಲ ಬಡಿಯುತ್ತದೆ, ಸೆಕೆಂಡಿಗೆ ಆರು. ಬೇರೆ ಬಹಳ ವಾಚುಗಳಲ್ಲಿ ಎಂಟು. ಅದಕ್ಕೇ ಸೆಕೆಂಡ್ ಮುಳ್ಳು ಸೆಲ್ ವಾಚಿನ ಹಾಗೆ ಜಿಗಿಯುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಕರೆಂಟಿಲ್ಲ, ಸೆಲ್ ಇಲ್ಲ. ಕೀ ಕೊಟ್ಟರೆ ಐವತ್ತು ಗಂಟೆ ನಡೆಯುತ್ತದೆ. ಇದನ್ನು ಒಮ್ಮೆ ನೋಡಿದವರಿಗೆ ಆಸೆ ಹುಟ್ಟಿದರೆ ಅದು ದುಡ್ಡಿನ ಸೊಕ್ಕು ಅಲ್ಲ.

ಇನ್ನು ಆ ವಾಚಿಗೆ ಕಥೆಯೂ ಇದೆ. 1969ರ ಜುಲೈನಲ್ಲಿ ಬಜ್ ಆಲ್ಡ್ರಿನ್ ಚಂದ್ರನ ಮೇಲೆ ನಡೆದಾಗ ಕೈಗೆ ಕಟ್ಟಿದ್ದು ಸ್ಪೀಡ್‌ಮಾಸ್ಟರ್. ಆರ್ಮ್‌ಸ್ಟ್ರಾಂಗ್ ತಮ್ಮದನ್ನು ನೌಕೆಯೊಳಗೇ ಬಿಟ್ಟು ಇಳಿದಿದ್ದರು. ಹುಡುಗರಿಗೆ ಆ ಕಥೆಯೂ ಬೇಕು. ಬೇಕಾದರೆ ತಪ್ಪೇನು?

ತಮ್ಮನಿಗೆ ಒಂದೇ ಒಂದು ಪ್ರಶ್ನೆ ಕೇಳಿ. "ಇದು ಒಮೆಗಾ ಅಂತ ಒಬ್ಬರೂ ಗುರುತು ಹಿಡಿಯದಿದ್ದರೂ ಹಾಕ್ತೀಯಾ?" ಹೌದು ಅಂದರೆ ಕೊಳ್ಳಲಿ. ತಡವರಿಸಿದರೆ ಇನ್ನೊಂದು ವರ್ಷ ಕಾಯಲಿ. ಲಕ್ಷಗಟ್ಟಲೆ ಕೊಟ್ಟು ಬೇರೆಯವರಿಗಾಗಿ ಕೊಂಡು, ಯಾರೂ ಕೇಳಲಿಲ್ಲ ಅಂತ ಮಾರಲು ಬಂದವರನ್ನು ನನ್ನ ಅಂಗಡಿಯಲ್ಲೇ ನೋಡಿದ್ದೇನೆ.

ಹಟ್ಟಿಯಿಂದ

ನಾನು ಅಪ್ಪನ ಪಕ್ಷ. ಚಿನ್ನದ ಗಣಿ ಊರಿನವನು ಅಂತ ಹೇಳುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ.

ಬಂಗಾರ ಒತ್ತೆ ಇಟ್ಟರೆ ಅದೇ ದಿನ ದುಡ್ಡು ಕೈಗೆ ಬರುತ್ತದೆ, ಹಳ್ಳಿಯ ಸಹಕಾರಿ ಬ್ಯಾಂಕೂ ಕೊಡುತ್ತದೆ. ವಾಚು ತಗೊಂಡು ಹೋದರೆ ಯಾವ ಬ್ಯಾಂಕು ಸಾಲ ಕೊಡುತ್ತೆ? ಮಾರಲು ಹೋದರೂ ಅಷ್ಟೇ. ಅಂಗಡಿಯಿಂದ ಹೊರಗೆ ಬಂದ ಕೂಡಲೇ ಬಹುತೇಕ ವಾಚುಗಳ ಬೆಲೆ ಇಳಿಯುತ್ತದೆ. ರೋಲೆಕ್ಸಿನ ಕೆಲವು ಮಾಡೆಲ್‌ಗಳು ಮಾತ್ರ ಕೊಂಡ ಬೆಲೆಗೆ ಅಥವಾ ಮೇಲಕ್ಕೆ ಹೋಗುತ್ತವೆ, ಅವು ಅಂಗಡಿಯಲ್ಲಿ ಸುಲಭವಾಗಿ ಸಿಗುವುದೂ ಇಲ್ಲ. ಕೊರೊನಾ ಆದ ಮೇಲೆ 2021, 22ರಲ್ಲಿ ಸೆಕೆಂಡ್ ಹ್ಯಾಂಡ್ ರೇಟು ಸಿಕ್ಕಾಪಟ್ಟೆ ಏರಿತು. ವಾಚೂ ಒಂದು ಹೂಡಿಕೆ ಅಂತ ಎಲ್ಲರೂ ಹೇಳಲು ಶುರು ಮಾಡಿದರು. 2022ರಲ್ಲೇ ಇಳಿಯಲು ಹತ್ತಿತು, ತುದಿಯಲ್ಲಿ ಕೊಂಡವರ ಕೈ ಸುಟ್ಟಿತು.

ಹಾಗಾಗಿ ಅಪ್ಪನ ಮುಂದೆ "ಇದು ಇನ್ವೆಸ್ಟ್‌ಮೆಂಟ್" ಅಂತ ಮಾತ್ರ ತಮ್ಮ ಹೇಳುವುದು ಬೇಡ. ಆಸೆ ಅಂದರೆ ಅಪ್ಪ ಒಪ್ಪಬಹುದು. ಲಾಭ ಅಂದರೆ ವ್ಯಾಪಾರ ಮಾಡಿದ ಮನುಷ್ಯ, ಕೂಡಲೇ ಹಿಡಿಯುತ್ತಾರೆ.

ಕೊಪ್ಪಳ, ವೈದ್ಯೆ

ಹಟ್ಟಿ ಅಣ್ಣಾವ್ರ ಲೆಕ್ಕ ಸರಿ. ಆದರೆ ನಾನು ಕೊಂಡಾಗ ಲೆಕ್ಕ ಹಾಕಲಿಲ್ಲ, ಇವತ್ತಿಗೂ ನನಗೆ ಬೇಜಾರಿಲ್ಲ.

ನನ್ನದು ಲಾಂಜೀನ್, ಸಣ್ಣ ಡಯಲ್. ಓದಿನ ಸಾಲದ ಕೊನೆಯ ಕಂತು ಕಟ್ಟಿದ ತಿಂಗಳು ಕೊಂಡೆ. ನನ್ನ ಮೈಮೇಲಿನ ಬಂಗಾರ ಎಲ್ಲ ಯಾರೋ ಕೊಟ್ಟದ್ದು. ಬಳೆ ಅತ್ತೆಯದು, ಸರ ತವರಿನದು, ಓಲೆ ಅಜ್ಜಿಯದು. ಅವುಗಳ ಮೇಲೆ ಪ್ರೀತಿ ಇದೆ. ಆದರೆ ನಾನೇ ಆರಿಸಿ, ನನ್ನ ದುಡಿಮೆಯಲ್ಲಿ, ಯಾರನ್ನೂ ಕೇಳದೆ ಕೊಂಡದ್ದು ಇದೊಂದೇ. ವಾರ್ಡಿನಲ್ಲಿ ಹಾಕುವ ಹಾಗಿಲ್ಲ, ಮೊಣಕೈವರೆಗೆ ಕೈ ತೊಳೆಯಬೇಕು. ಡ್ಯೂಟಿ ಮುಗಿಸಿ ಕಾರಿನಲ್ಲಿ ಕೂತು ಕಟ್ಟಿಕೊಳ್ಳುತ್ತೇನೆ. ಆಗ ಇವತ್ತಿನ ಕೆಲಸ ಮುಗಿಯಿತು ಅಂತ ಮನಸ್ಸಿಗೆ ಗೊತ್ತಾಗುತ್ತದೆ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಯಾರಿಗೂ ಅದರ ಬೆಲೆ ಗೊತ್ತಿಲ್ಲ.

ತಮ್ಮನಿಗೆ ಈ ವಾಚು ಯಾವುದರ ಗುರುತು ಅಂತ ಕೇಳಿ ನೋಡಿ. ಅಪ್ಪ ಕಟ್ಟಿದ ವ್ಯಾಪಾರವನ್ನು ತಾನು ಉಳಿಸಿಕೊಂಡೆ ಅನ್ನುವುದರ ಗುರುತೂ ಇರಬಹುದು. ಗಂಡುಮಕ್ಕಳು ಇಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಬಳ್ಳಾರಿ, ನಿವೃತ್ತ ಮೇಷ್ಟ್ರು

ಈ ಆಸೆ ಹೊಸದೇನಲ್ಲಮ್ಮ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಎಚ್‌ಎಂಟಿ ವಾಚು ಶುರುವಾಯಿತು. ನಮ್ಮ ಕಾಲದಲ್ಲಿ ಮದುವೆ ಗಂಡಿಗೆ ಅದು ಬೇಕೇ ಬೇಕಿತ್ತು. ದುಡ್ಡಿದ್ದರೂ ಕೂಡಲೇ ಸಿಗುತ್ತಿರಲಿಲ್ಲ, ಹೆಸರು ಬರೆಸಿ ಕಾಯಬೇಕಿತ್ತು, ಶಿಫಾರಸು ಹಿಡಿಯಬೇಕಿತ್ತು. ಈಗ ರೋಲೆಕ್ಸಿಗೆ ಕಾಯುತ್ತಾರಲ್ಲ, ಹಾಗೇ. ನಿಮ್ಮ ತಂದೆಯವರನ್ನು ಕೇಳಿ, ಅವರಿಗೂ ನೆನಪಿರುತ್ತದೆ. 2016ರಲ್ಲಿ ಸರ್ಕಾರ ಆ ವಾಚ್ ಕಂಪನಿ ಮುಚ್ಚಲು ತೀರ್ಮಾನಿಸಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಬಳ್ಳಾರಿ, ಜೀನ್ಸ್ ಘಟಕ

ಕಾರಣ ಎಲ್ಲ ಆಯಿತು. ಕೊಳ್ಳುವುದೇ ಆದರೆ ನಾನು ಎರಡು ಮಾತು ಹೇಳುತ್ತೇನೆ. ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಮೂರು ಜಿಲ್ಲೆಯವರೂ ಇಂಥ ವಾಚಿಗೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು. ಕಂಪನಿಯೇ ನೇಮಿಸಿದ ಅಂಗಡಿಗೇ ಹೋಗಿ. "ದುಬೈನಿಂದ ತಂದುಕೊಡ್ತೀನಿ, ಬಿಲ್ ಬೇಡ" ಅನ್ನುವವರು ನಮ್ಮ ಊರಲ್ಲೇ ಇದ್ದಾರೆ. ಬೇಡವೇ ಬೇಡ. ಕಸ್ಟಮ್ಸ್ ಕಟ್ಟದೆ ತಂದ ಮಾಲು ಸಿಕ್ಕಿಬಿದ್ದರೆ ಕಷ್ಟ. ಈಗಿನ ಫಸ್ಟ್ ಕಾಪಿ ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ ಹಿಂದಿನ ಮುಚ್ಚಳ ತೆಗೆಯುವವರೆಗೂ ಗೊತ್ತಾಗುವುದಿಲ್ಲ.

ದುಡ್ಡು ಬ್ಯಾಂಕಿನಿಂದ ಹೋಗಲಿ. ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದಕ್ಕೆ ಅಂಗಡಿಯವರಿಗೆ ಕಾನೂನಿನಲ್ಲಿ ಅವಕಾಶ ಇಲ್ಲ. ಪ್ಯಾನ್ ಕೇಳುತ್ತಾರೆ, ಕೊಡಿ. ಹತ್ತು ಲಕ್ಷ ದಾಟಿದ ವಾಚಿಗೆ 2025ರ ಏಪ್ರಿಲ್‌ನಿಂದ ಶೇಕಡಾ 1 ಟಿಸಿಎಸ್, ಅಂದರೆ ಅಂಗಡಿಯವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯುತ್ತಾರೆ. ನಿಮ್ಮದು ಏಳು ಲಕ್ಷ ಅಂದರೆ ಅದು ತಾಗುವುದಿಲ್ಲ. ಇನ್ನೊಂದು ವಿಷಯ, ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ದೇಶಗಳ ಜೊತೆ ಭಾರತ ಮಾಡಿಕೊಂಡ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚಿನ ಆಮದು ಸುಂಕ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗುತ್ತದೆ. ಕಂಪನಿಗಳು ಆಗಾಗ ಬೆಲೆ ಏರಿಸುತ್ತವೆ, ಆದ್ದರಿಂದ ಅಷ್ಟೂ ಲಾಭ ನಮಗೇ ಸಿಗುತ್ತದೆ ಅಂತ ಕಾಯುತ್ತಾ ಕೂರಬೇಡಿ.

ಸರ್ವಿಸ್ ಖರ್ಚು ಮರೆಯಬೇಡಿ. ಕೆಲವು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಬೇಕು. ಸ್ಪೀಡ್‌ಮಾಸ್ಟರಿನಂಥದ್ದಕ್ಕೆ ಸಾವಿರಗಟ್ಟಲೆ ಆಗುತ್ತದೆ, ತಿಂಗಳುಗಟ್ಟಲೆ ವಾಚು ಕೈಯಲ್ಲಿ ಇರುವುದಿಲ್ಲ.

ನನಗೆ ಕೇಳಿದರೆ, ಮೊದಲು ಟಿಸ್ಸೋ ಥರದ್ದು ಒಂದು ತಗೊಂಡು ಹಾಕಿ ನೋಡಲಿ. ವಾಚನ್ನು ಕೈಯಿಂದ ತೆಗೆದಿಟ್ಟರೂ ಅದರ ಪವರ್‌ಮ್ಯಾಟಿಕ್ ಮಷೀನು 80 ಗಂಟೆ ನಡೆಯುತ್ತದೆ. ಲಕ್ಷದ ಒಳಗೆ ಸಿಗುತ್ತದೆ.

ಬಳ್ಳಾರಿ, ವಾಚ್ ರಿಪೇರಿ

ಟಿಸ್ಸೋ ಒಳ್ಳೆಯದೇ. ಆದರೆ ಮನಸ್ಸು ಸ್ಪೀಡ್‌ಮಾಸ್ಟರ್ ಮೇಲೆ ಇದ್ದರೆ ಅದು ಟಿಸ್ಸೋದಿಂದ ತಣಿಯುವುದಿಲ್ಲ. ಎರಡಕ್ಕೂ ದುಡ್ಡು ಹಾಕುತ್ತಾರೆ ಅಷ್ಟೇ.

ಗಂಗಾವತಿಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ತಮ್ಮನಿಗೆ ರಿಪೇರಿ ಅಣ್ಣನ ಪ್ರಶ್ನೆ ಕೇಳಿದೆ. ಅವನು ಉತ್ತರ ಹೇಳದೆ ಮೊಬೈಲ್ ತೆಗೆದು ವಿಡಿಯೋ ತೋರಿಸಲು ಕೂತ. ಯಾವ ಚಕ್ರ ಯಾವುದನ್ನು ತಿರುಗಿಸುತ್ತದೆ ಅಂತ ನಿಲ್ಲಿಸಿ ನಿಲ್ಲಿಸಿ ವಿವರಿಸಿದ. ಮಿಲ್ಲಿನ ಯಂತ್ರ ಬಿಚ್ಚಿದಾಗಲೂ ಚಿಕ್ಕವನಿದ್ದಾಗ ಹೀಗೇ ಕೂರುತ್ತಿದ್ದ. ಅಪ್ಪ ಪಕ್ಕದ ಕೋಣೆಯಿಂದ ಎಲ್ಲ ಕೇಳಿಸಿಕೊಂಡಿದ್ದಾರೆ. ಬೆಳಿಗ್ಗೆ ನನ್ನ ಹತ್ತಿರ "ಕೊಳ್ಳೋದಾದ್ರೆ ಬಿಲ್ ನಾನೇ ನೋಡ್ತೀನಿ, ಬೆಂಗಳೂರಿಗೆ ಮೂರೂ ಜನ ಹೋಗೋಣ" ಅಂದರು. ಒಪ್ಪಿಗೆ ಅಂತ ಬಾಯಲ್ಲಿ ಹೇಳಿಲ್ಲ, ಆದರೆ ಇವತ್ತು ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತರು.

ರಿಪೇರಿ ಅಣ್ಣಾ, ಒಂದು ಸಂದೇಹ. ಅವನು ದಿನಪೂರ್ತಿ ಮಿಲ್ಲಿನಲ್ಲಿ ಇರುತ್ತಾನೆ. ಧೂಳು, ತೌಡು, ದೊಡ್ಡ ದೊಡ್ಡ ಮೋಟರು. ಅಲ್ಲಿ ಇದನ್ನು ಹಾಕಬಹುದಾ?

ಬಳ್ಳಾರಿ, ವಾಚ್ ರಿಪೇರಿ

ಧೂಳಿಗೆ ಹೆದರಬೇಡಿ ತಂಗಿ, ಒಳಗೆ ಹೋಗುವುದಿಲ್ಲ. ಪಕ್ಕದಲ್ಲಿರುವ ಕೀ ಕೊಡುವ ಗುಂಡಿ ಸರಿಯಾಗಿ ಒಳಗೆ ಒತ್ತಿರಬೇಕು ಅಷ್ಟೇ. ಬೆಲ್ಟ್ ಚರ್ಮದ್ದು ಬೇಡ, ನಮ್ಮ ಬೇಸಿಗೆಯ ಬೆವರಿಗೆ ಬೇಗ ಕೊಳೆಯುತ್ತದೆ. ಸ್ಟೀಲ್ ಚೈನ್ ತಗೊಳ್ಳಲಿ.

ಮೋಟರಿನ ವಿಷಯ ಕೇಳಿದ್ದು ಒಳ್ಳೆಯದಾಯಿತು. ಅಯಸ್ಕಾಂತ ಹಿಡಿದರೆ ವಾಚು ಒಂದೇ ಸಮನೆ ಮುಂದೆ ಓಡುತ್ತದೆ. ತೋರಣಗಲ್ಲಿನ ಸ್ಟೀಲ್ ಕಾರ್ಖಾನೆ ಕಡೆಯವರು ಹಳೆ ವಾಚು ಹಿಡಿದು ಇದೇ ದೂರು ತರುತ್ತಾರೆ. ನನ್ನ ಹತ್ತಿರ ಅದಕ್ಕೊಂದು ಯಂತ್ರ ಇದೆ, ನಿಮಿಷದ ಕೆಲಸ. ಈಗಿನ ಸ್ಪೀಡ್‌ಮಾಸ್ಟರ್ 15,000 ಗಾಸ್‌ವರೆಗಿನ (ಗಾಸ್ ಅಂದರೆ ಅಯಸ್ಕಾಂತದ ಬಲದ ಅಳತೆ) ಅಯಸ್ಕಾಂತವನ್ನು ತಡೆಯುತ್ತದೆ ಅಂತ ಪರೀಕ್ಷೆ ಮಾಡಿಯೇ ಬರುತ್ತದೆ, ನಿಮ್ಮ ಮೋಟರು ಅದಕ್ಕೆ ಏನೂ ಮಾಡುವುದಿಲ್ಲ.

ಗಾಜು ಎರಡು ಥರ ಬರುತ್ತದೆ. ಒಂದು ಸಫೈರ್, ಸುಲಭಕ್ಕೆ ಗೀರು ಬೀಳುವುದಿಲ್ಲ, ಬೆಲೆ ಜಾಸ್ತಿ. ಇನ್ನೊಂದು ಹೆಸಲೈಟ್, ಪ್ಲಾಸ್ಟಿಕ್ ಥರದ್ದು. ಗೀರು ಬೀಳುತ್ತದೆ, ಆದರೆ ಪಾಲಿಷ್ ಹಚ್ಚಿ ಉಜ್ಜಿದರೆ ಹೋಗುತ್ತದೆ. ಮಿಲ್ಲಿನಲ್ಲಿ ಹಾಕುವುದಾದರೆ ಅಂಗಡಿಯಲ್ಲಿ ಸಫೈರ್ ಅಂತಲೇ ಕೇಳಿ. ಅದರಲ್ಲಿ ಹಿಂದಿನ ಮುಚ್ಚಳವೂ ಗಾಜಿನದು. ನಿಮ್ಮ ತಂದೆಯವರಿಗೂ ಒಳಗಿನ ಮಷೀನು ಕಾಣುತ್ತದೆ.